ಹೊಸ್ತಿಲ ಹೊರಗೆ ಒಂದು ಲೋಟ ಚಹಾ

ಮೊಂಬಾಸಾಕ್ಕೆ ಉತ್ತರದ ಮಲಿಂದಿಯ ಕಡಲತೀರದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಜುಮ್ವಾ ತೋಯಾ ಆಗಲೇ ಮರಳಿನ ಮೇಲೆ ನಡೆಯುತ್ತಿದ್ದಾರೆ. ಒಂದು ಕೈಯಲ್ಲಿ ಶುಂಠಿ ಕಾಫಿಯ ಫ್ಲಾಸ್ಕ್, ಇನ್ನೊಂದರಲ್ಲಿ ಚಪ್ಪಲಿ. ದಡಕ್ಕೆಳೆದ ಹಳೆಯ ದೋಣಿಗಳ ಮರೆಯಲ್ಲಿ ಮಲಗಿರುವವರನ್ನು ಅವರು ಮುಟ್ಟಿ ಎಬ್ಬಿಸುವುದಿಲ್ಲ. ತುಸು ದೂರದಲ್ಲಿ ಕೂತು ಸುಮ್ಮನೆ ಕೆಮ್ಮುತ್ತಾರೆ. ಹರಿದ ಹಾಯಿಬಟ್ಟೆಯೊಂದು ಅಲುಗುತ್ತದೆ, ಅದರಡಿಯಿಂದ ಒಂದು ತಲೆ ಹೊರಬರುತ್ತದೆ.

"ಬಂದ್ಬಿಟ್ಯಾ ಅಕ್ಕ? ಇವತ್ತೊಂದಿನ ನಿದ್ದೆ ಮಾಡೋಕೆ ಬಿಡಬಾರ್ದಿತ್ತಾ?"

"ಮಲ್ಕೊಳಪ್ಪ, ಯಾರು ಬೇಡ ಅಂದ್ರು. ಕಾಫಿ ನಾನೇ ಕುಡೀತೀನಿ."

ತಲೆಯ ಹಿಂದೆಯೇ ಒಂದು ಕೈಯೂ ಬರುತ್ತದೆ.

ಜುಮ್ವಾ ವ್ಯಸನಮುಕ್ತಿ ಆಪ್ತಸಮಾಲೋಚಕಿ. ಬಿಳಿ ಪುಡಿಯ ಚಟಕ್ಕೆ ಬಿದ್ದವರನ್ನು ಕಟ್ಟಿಕೊಂಡು ಅವರು ದಿನವೂ ಆಸ್ಪತ್ರೆಗೆ ಹೋಗುತ್ತಾರೆ. ಅಲ್ಲಿ ದಾದಿಯ ಎದುರು ನಿಂತು ಒಂದು ಗುಟುಕು ಔಷಧ ಕುಡಿದರೆ ಆ ದಿನ ಮೈಯ ನಡುಕವಿಲ್ಲ, ಪುಡಿಯ ಹಂಬಲವಿಲ್ಲ. ಆದರೆ ಆಸ್ಪತ್ರೆಗೆ ಸಂತೆಬೀದಿಯನ್ನು ದಾಟಿಯೇ ಹೋಗಬೇಕು. ಅಲ್ಲಿ ಏನು ಕಳುವಾದರೂ ಮೊದಲ ಏಟು ಬೀಳುವುದು ಇವರ ಬೆನ್ನಿಗೆ. ಜುಮ್ವಾ ಜೊತೆಗಿದ್ದರೆ ಅಂಗಡಿಯವರು ಸುಮ್ಮನಿರುತ್ತಾರೆ. "ಜೊತೆಗೆ ನಡೆಯೋದೇ ಅರ್ಧ ಕೆಲಸ. ಮಾತುಕತೆ ಎಲ್ಲಾ ಆಮೇಲೆ," ಎನ್ನುತ್ತಾರೆ ಅವರು.

ಮೊದಲು ಅವರು ಪ್ರವಾಸಿಗರ ಹೋಟೆಲೊಂದರಲ್ಲಿ ಹಾಸಿಗೆಯ ಬಟ್ಟೆ ಒಗೆಯುತ್ತಿದ್ದರು. ಹೋಟೆಲ್ ಮುಚ್ಚಿದ ಮೇಲೆ ಆಸ್ಪತ್ರೆಯ ವಾರ್ಡಿನಲ್ಲಿ ನೆಲ ಒರೆಸುವ ಕೆಲಸ ಸಿಕ್ಕಿತು. ರಾತ್ರಿಯೆಲ್ಲ ನರಳುವ ರೋಗಿಗಳು ಈಕೆ ಬಂದಾಗ ಮಾತ್ರ ಬಾಯಿ ಬಿಡುತ್ತಿದ್ದುದನ್ನು ಹಿರಿಯ ದಾದಿಯೊಬ್ಬರು ಗಮನಿಸಿ, "ನೀನು ಇದನ್ನೇ ಓದು" ಎಂದರು. ಹೆಣ್ಣುಮಕ್ಕಳಿಬ್ಬರನ್ನು ತಾಯಿಯ ಬಳಿ ಬಿಟ್ಟು ಜುಮ್ವಾ ಮೊಂಬಾಸಾಕ್ಕೆ ಹೋಗಿ ತರಬೇತಿ ಮುಗಿಸಿ ಬಂದರು.

"ಬಂದವಳೇ ಕಲಿತದ್ದನ್ನೆಲ್ಲ ಅವರ ತಲೆಗೆ ತುಂಬೋಕೆ ಹೊರಟೆ. ಆರೋಗ್ಯ, ದೇವರು, ಹೆಂಡ್ತಿ ಮಕ್ಕಳು. ಒಬ್ಬ ಮುದುಕ ಪೂರ್ತಿ ಕೇಳಿಸ್ಕೊಂಡು, 'ತಂಗಿ, ಇದೆಲ್ಲ ನಂಗೊತ್ತು. ಗೊತ್ತಿಲ್ದೇ ಇರೋದು ಏನಾದ್ರೂ ಇದ್ರೆ ಹೇಳು' ಅಂದ. ಅವತ್ತಿಂದ ನಾನು ಮಾತು ಕಮ್ಮಿ ಮಾಡ್ದೆ," ಎಂದು ನಗುತ್ತಾರೆ.

ನಗು ಎಲ್ಲ ದಿನವೂ ಇರುವುದಿಲ್ಲ. ಚೇತರಿಸಿಕೊಂಡವರು ಮತ್ತೆ ಜಾರುತ್ತಾರೆ. ಕೆಲವರನ್ನು ಮಣ್ಣು ಮಾಡಿ ಬರಬೇಕಾಗುತ್ತದೆ. ತಮ್ಮ ಹಿರಿಮಗಳ ವಯಸ್ಸಿನ ಹುಡುಗಿಯೊಬ್ಬಳು ಹೋದಾಗ ಜುಮ್ವಾಗೆ ಬಹಳ ದಿನ ಅನ್ನ ಸೇರಲಿಲ್ಲ. ಈಗ ಅವರೂ ಆಗಾಗ ತಮಗೆ ತರಬೇತಿ ಕೊಟ್ಟ ಶಿಕ್ಷಕಿಯ ಮನೆಗೆ ಹೋಗುತ್ತಾರೆ. "ಅಳೋಕೆ ನನಗೂ ಒಬ್ಬರು ಬೇಕಲ್ಲ."

ಜುಮ್ವಾ ಜೊತೆ ಹೀಗೆ ನಡೆದವರಲ್ಲಿ ಒಬ್ಬ ಅಥ್ಮಾನ್, ಮರದ ಬಾಗಿಲುಗಳಿಗೆ ಹೂಬಳ್ಳಿ ಕೆತ್ತುವ ಬಡಗಿ. "ನನ್ನ ಹೆಸರು ಹಾಕಿಯೇ ಬರೀರಿ, ನಂಗೇನೂ ನಾಚಿಕೆ ಇಲ್ಲ" ಎಂದು ಅವನೇ ಹೇಳಿದ್ದರಿಂದ ಈ ಮಾತು ಬರೆಯುತ್ತಿದ್ದೇನೆ. ಪುಡಿಗಾಗಿ ಅವನು ಮೊದಲು ತನ್ನ ಉಳಿಗಳನ್ನು ಮಾರಿದ. ಆಮೇಲೆ ತಾಯಿ ಮ್ವಾನಾಹವಾ ಅವರ ಹೊಲಿಗೆ ಯಂತ್ರವನ್ನೂ ಮಾರಿದ. ತಾಯಿ ಬಾಗಿಲು ಹಾಕಿಕೊಂಡರು. ದೋಣಿಯ ಮರೆಯಿಂದ ಎದ್ದು ಅವನು ಔಷಧಕ್ಕೆ ಬರತೊಡಗಿದಾಗ ಜುಮ್ವಾ ಆ ತಾಯಿಯ ಮನೆಗೆ ಹೋದರು.

"ನಂಗೆ ಮಗ ಇಲ್ಲ," ಎಂದರು ಮ್ವಾನಾಹವಾ. "ಇದ್ದವನು ಹೊಲಿಗೆ ಯಂತ್ರದ ಜೊತೆಗೇ ಹೋದ."

"ಅವನನ್ನ ಕ್ಷಮಿಸಿ ಅಂತ ಕೇಳೋಕೆ ಬಂದಿಲ್ಲಮ್ಮ."

"ಮತ್ಯಾಕೆ ಬಂದೆ?"

"ಔಷಧಿ ಕುಡಿದಾದ್ಮೇಲೆ ಅವನಿಗೆ ಹೋಗೋಕೆ ಜಾಗ ಇಲ್ಲ. ತಿರುಗಿ ದೋಣಿ ಹತ್ರಾನೇ ಹೋಗ್ತಾನೆ. ಇಲ್ಲಿಗೆ ಬರ್ಲಿ, ಹೊಸ್ತಿಲ ಹೊರಗೇ ಒಂದು ಲೋಟ ಚಹಾ ಕೊಡಿ. ಒಳಗೆ ಕರೀಬೇಡಿ."

"ನುಗ್ಗಿದ್ರೆ?"

"ನಾನೂ ಅವನ ಪಕ್ಕದಲ್ಲೇ ಕೂತಿರ್ತೀನಿ."

ಹಾಗೇ ಕೂತರು. ತಾಯಿ ಲೋಟ ಇಟ್ಟು, ಮುಖ ನೋಡದೆ ಕದ ಹಾಕಿಕೊಳ್ಳುತ್ತಿದ್ದರು. ಕೆಲವು ವಾರಗಳ ಮೇಲೆ ಲೋಟದ ಪಕ್ಕದಲ್ಲಿ ಮಹಮ್ರಿ ಎಂಬ ಕರಿದ ಸಿಹಿ ರೊಟ್ಟಿಯೂ ತೆಂಗಿನಹಾಲಿನಲ್ಲಿ ಬೆಂದ ತೊಗರಿಕಾಳೂ ಕಾಣಿಸಿದವು. ಕದ ಮಾತ್ರ ಮುಚ್ಚಿಯೇ ಇತ್ತು. ಆಮೇಲೊಂದು ಬೆಳಿಗ್ಗೆ ಅಥ್ಮಾನ್ ಔಷಧಕ್ಕೂ ಬರಲಿಲ್ಲ, ಚಹಾಕ್ಕೂ ಹೋಗಲಿಲ್ಲ. ಮತ್ತೆ ಜಾರಿದ್ದ. ಹೊತ್ತೇರುವ ಹೊತ್ತಿಗೆ ಆಸ್ಪತ್ರೆಯ ಬಾಗಿಲಲ್ಲಿ ಮ್ವಾನಾಹವಾ ಏದುಸಿರು ಬಿಡುತ್ತಾ ನಿಂತಿದ್ದರು.

"ಯಾಕೆ ಬಂದಿಲ್ಲ ಇವತ್ತು ಅವನು? ಚಹಾ ಆರಿ ತಣ್ಣಗಾಯ್ತು."

ಇಬ್ಬರೂ ದಡಕ್ಕೆ ನಡೆದರು. ದೋಣಿಯ ಕೆಳಗೆ ಮುದುಡಿ ಮಲಗಿದ್ದ ಮಗನ ಪಕ್ಕದಲ್ಲಿ ಆ ತಾಯಿ ಒದ್ದೆ ಮರಳಿನ ಮೇಲೇ ಕೂತರು. ಬೈಯಲಿಲ್ಲ. ಅವನ ಕೂದಲಿಗಂಟಿದ ಮರಳನ್ನು ಬೆರಳಲ್ಲಿ ಕೊಡವುತ್ತಾ, "ಏಳು, ಇನ್ನೊಂದ್ಸಲ ಕಾಯಿಸ್ತೀನಿ" ಎಂದರು. ಅವನು ಮುಖ ಮುಚ್ಚಿಕೊಂಡು ಅತ್ತ. ಜುಮ್ವಾ ತುಸು ದೂರ ಸರಿದರಂತೆ. "ನಂಗಲ್ಲಿ ಏನು ಕೆಲಸ? ಸಮುದ್ರ ನೋಡ್ತಾ ನಿಂತಿದ್ದೆ."

ಅಥ್ಮಾನ್ ಈಗ ಮನೆಯ ಮುಂದಿನ ಕೋಣೆಯಲ್ಲಿ ಮಲಗುತ್ತಾನೆ, ಬಡಗಿಯೊಬ್ಬರ ಕೆಲಸದ ಶೆಡ್ಡಿನಲ್ಲಿ ಕೆತ್ತನೆಗೆ ಹೋಗುತ್ತಾನೆ. ತಾಯಿ ಬೀರುವಿನ ಬೀಗ ಇನ್ನೂ ತೆಗೆದಿಲ್ಲ. "ನಂಬಿಕೆ ಬಂದಿಲ್ಲ ಕಣಮ್ಮ. ಬಂದಾಗ ಬರ್ಲಿ. ಅಲ್ಲೀತನಕ ಹಸ್ಕೊಂಡಿರೋದು ಬೇಡ," ಎಂದರು ನನ್ನೊಡನೆ.

ಮಧ್ಯಾಹ್ನ ಜುಮ್ವಾ ಜೊತೆ ಸಂತೆಯಲ್ಲಿ ಮೀನು ಕೊಳ್ಳಲು ನಿಂತಿದ್ದೇನೆ. ಎದುರಿನಿಂದ ಬಿಳಿ ಅಂಗಿಯ ಗೃಹಸ್ಥನೊಬ್ಬ ಬರುತ್ತಾನೆ. ಹೆಗಲ ಮೇಲೆ ಪುಟ್ಟ ಮಗು, ಪಕ್ಕದಲ್ಲಿ ಹೆಂಡತಿ. ಜುಮ್ವಾರನ್ನು ಕಂಡ ಕ್ಷಣ ಅವನ ಕಣ್ಣು ಅರಳಿ, ಅಷ್ಟೇ ಬೇಗ ಬೇರೆಡೆ ಸರಿಯುತ್ತದೆ. ಅಪರಿಚಿತನಂತೆ ದಾಟಿಹೋಗುತ್ತಾನೆ. ಜುಮ್ವಾ ಕೂಡ ಮೀನಿನ ಕಿವಿರು ಎತ್ತಿ ನೋಡುವುದರಲ್ಲೇ ಮಗ್ನರು.

ಬೇಸರವಾಗುವುದಿಲ್ಲವೇ ಎಂದು ಕೇಳುತ್ತೇನೆ.

"ಯಾಕೆ ಬೇಸರ? ಚಟ ಬಿಟ್ಟು ಹೊಸ ಜೀವನ ಕಟ್ಕೊಂಡವರು. ನಾನ್ಯಾಕೆ ಅದರಲ್ಲಿ ಕಾಲಿಡ್ಲಿ? ದಾರೀಲಿ ನಾನಾಗಿ ಯಾರನ್ನೂ ಮಾತಾಡ್ಸಲ್ಲ," ಎನ್ನುತ್ತಾರೆ. ಮೀನು ಚೀಲಕ್ಕೆ ಹಾಕಿಸಿಕೊಂಡು, ಗುಂಪಿನಲ್ಲಿ ಮರೆಯಾಗುತ್ತಿರುವ ಆ ಬಿಳಿ ಅಂಗಿಯನ್ನು ಒಮ್ಮೆ ತಿರುಗಿ ನೋಡುತ್ತಾರೆ.

"ಮೈ ತುಂಬ್ಕೊಂಡಿದಾನೆ, ನೋಡಿದ್ರಾ?"