ಐದು ಡೇರೆಗಳ ಕ್ಯಾಂಪು

ಜಯಲತಾಳಿಗೆ ಬೇಕಾಗಿದ್ದದ್ದು ಆಫ್ರಿಕಾ ಅಲ್ಲ, ಅಪ್ಪ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ದುಡಿಯುತ್ತಿದ್ದು, ಹತ್ತಿರದ ಗಿರಿಧಾಮ ಮಾಥೇರಾನನ್ನೂ ನೋಡದ ಒಂಟಿ ಹೆಂಗಸಿಗೆ ಸಿಂಹ ನೋಡುವ ಹುಚ್ಚು ಯಾಕೆ ಹಿಡಿಯಿತು ಎಂದು ಅವಳ ಹೌಸಿಂಗ್ ಸೊಸೈಟಿಯವರ ಹಾಗೆ ನೀವೂ ಕೇಳುತ್ತೀರಿ.

ಅಪ್ಪ ತಾರಾನಾಥರಿಗೆ ಎಪ್ಪತ್ತೊಂಬತ್ತು. ಕೋಪರಿಯಲ್ಲಿ ನಲವತ್ತು ವರ್ಷ ಹೊಟೇಲು ನಡೆಸಿದವರು. ಅವರು ಹೊಟೇಲು ಬಿಟ್ಟರೂ ಹೊಟೇಲು ಅವರನ್ನು ಬಿಟ್ಟಿರಲಿಲ್ಲ. ಆಫೀಸಿನ ರಶ್ ಇಳಿದ ಮೇಲೆ ಮನೆಯಿರುವ ಡೊಂಬಿವಲಿಯಿಂದ ಲೋಕಲ್ ರೈಲು ಹಿಡಿದು ಅಲ್ಲಿಗೆ ಹೋಗಿ, ಹಳೇ ಗಿರಾಕಿಗಳ ಜೊತೆ ಹರಟೆ ಹೊಡೆದು ಸಂಜೆಗೆ ಬರುವರು. ಹೊರಗೆ ಅವರಷ್ಟು ಮಾತುಗಾರ ಇನ್ನೊಬ್ಬರಿಲ್ಲ. ಮನೆಯಲ್ಲಿ ಮಾತ್ರ "ಊಟ ಆಯ್ತಾ", "ಗ್ಯಾಸ್ ಬಂದ್ ಮಾಡಿದ್ಯಾ" ಎರಡೇ ಮಾತು. ಅಮ್ಮ ಕುಶಲ ತೀರಿಕೊಂಡ ಮೇಲೆ ಮಗಳ ದಿನಗಳು ಆ ಎರಡು ಮಾತಿನಲ್ಲೇ ಮುಗಿಯುತ್ತಿದ್ದವು. ಒಂದೇ ಸೂರಿನಡಿ ಅಪ್ಪನಿದ್ದೂ ಅವಳು ಒಂಟಿಯಾಗಿದ್ದಳು.

ಟಿವಿಯಲ್ಲಿ ಆನೆ ಹಿಂಡು ಕಂಡರೆ ಮಾತ್ರ ಅಪ್ಪ ತಾವಾಗಿ ಬಾಯಿ ಬಿಡುವರು. "ನೋಡು, ಮರಿಯನ್ನು ನಡುವಿಗೆ ಹಾಕ್ಕೊಂಡು ಹೋಗ್ತವೆ" ಎಂದಿದ್ದರು ಒಮ್ಮೆ. ಆ ಒಂದು ಮಾತನ್ನು ಹಿಡಿದುಕೊಂಡು ಅವಳು ಟ್ರಾವೆಲ್ ಏಜೆಂಟ್ ಮನೀಷನ ಅಂಗಡಿಯ ಮೆಟ್ಟಿಲು ಹತ್ತಿದಳು. ಅವನು ನಲವತ್ತು ಜನರ ಗುಂಪು, ಜೊತೆಗೆ ಅಡಿಗೆಯವರು, ಬಸ್ಸಿನಲ್ಲಿ ಅಂತ್ಯಾಕ್ಷರಿ ಎಂದೆಲ್ಲ ಆಸೆ ತೋರಿಸಿದ. ಅವಳು ಬೇಡವೆಂದು ಕೀನ್ಯಾದ ಒಂದು ಪುಟ್ಟ ಕ್ಯಾಂಪು ಆರಿಸಿದಳು. ನದಿಯ ದಡ, ಐದೇ ಡೇರೆ, ಹತ್ತೇ ಜನ, ಎಂಟು ದಿನ. ಟಿವಿಯಿಲ್ಲ, ಗಿರಾಕಿಗಳಿಲ್ಲ. ಬೇರೆ ಗತಿಯಿಲ್ಲದೆಯಾದರೂ ಅಪ್ಪ ತನ್ನೊಡನೆ ಮಾತಾಡಿಯಾರು ಎಂಬುದು ಅವಳ ಲೆಕ್ಕ. ತಮ್ಮಿಬ್ಬರಿಗೆಂದು ಒಂದು ಡೇರೆಯನ್ನು ಹೋಲ್ಡ್ ಮಾಡಿಸಿ, ಮನೆಗೆ ಬಂದು ಅಪ್ಪನಿಗೆ ಹೇಳಿದಳು.

"ಬೇರೆ ಯಾರೆಲ್ಲ ಬರ್ತಾರೆ?" ಎಂದರು ಅಪ್ಪ.

"ನಾವಿಬ್ಬರೇ."

"ಉಳಿದ ಡೇರೆಗಳು ಖಾಲಿಯಾ?"

"ಸದ್ಯಕ್ಕೆ ಖಾಲಿ" ಎಂದಳು. ಎಡವಿದ್ದು ಅಲ್ಲೇ. ಖಾಲಿ ಟೇಬಲ್ ಕಂಡರೆ ಅನ್ನ ಇಳಿಯದ ಮನುಷ್ಯನ ಮುಂದೆ ಆಡುವ ಮಾತೇ ಅದು? ವಾರ ಕಳೆಯುವುದರೊಳಗೆ ಭಜನಾ ಮಂಡಳಿಯ ಪುಂಡರೀಕಾಕ್ಷರಿಂದ ಹಿಡಿದು ಮೇಲಿನ ಮಹಡಿಯ ಪದ್ಮಾವತಿಯವರೆಗೆ ಅಪ್ಪನ ಕರೆ ಮುಟ್ಟಿತ್ತು. ಖರ್ಚು ಅವರವರದೇ, ಉತ್ಸಾಹ ಮಾತ್ರ ಅಪ್ಪನದು.

ಮನೀಷನ ಫೋನು ಬಂತು. "ಅಕ್ಕಾ, ಐದೂ ಟೆಂಟ್ ಫುಲ್. ಅಂಕಲ್ ಹತ್ತು ಹೆಸರು ಕಳಿಸಿದ್ರು, ಸಬ್ ಕನ್ಫರ್ಮ್. ನಿಮ್ಮ ಹೋಲ್ಡೂ ಅದ್ರಲ್ಲೇ ಸೇರಿಸಿದೆ. ಲೇಕಿನ್ ಈಗ ನೋಡ್ತೇನೆ, ನಿಮ್ಮಿಬ್ಬರ ಹೆಸರೇ ಲಿಸ್ಟಲ್ಲಿ ಇಲ್ವಲ್ಲ?"

ಅಪ್ಪನನ್ನು ಕೇಳಿದರೆ ಅವರಿಗೇ ಆಶ್ಚರ್ಯ. "ಹತ್ತು ಎಲೆ ಅಂದ್ರೆ ಹತ್ತು ಜನವನ್ನು ಕರೆಯುವುದು. ಮನೆಯವರನ್ನು ಎಲೆ ಲೆಕ್ಕಕ್ಕೆ ಹಿಡಿಯುವ ಕ್ರಮ ಉಂಟಾ?"

ಅವರ ತಪ್ಪೂ ಅಲ್ಲವೆನ್ನಿ. ಅವರ ಊರ ಕಡೆ ಕಾರ್ಯಕ್ರಮವೆಂದರೆ ಹಾಗೆಯೇ. ಬಂದವರೆಲ್ಲ ಉಂಡೆದ್ದ ಮೇಲೆ ಮನೆಯವರು ಕೊನೆಯ ಪಂಕ್ತಿಗೆ ಕೂರುವುದು. ಅಮ್ಮನೂ ಆ ಕೊನೆಯ ಪಂಕ್ತಿಗೆಂದು ಕಾಯುತ್ತ ಕಾಯುತ್ತ, ಕಾಶಿ ಯಾತ್ರೆಯನ್ನು ವರ್ಷ ವರ್ಷ ಮುಂದೂಡಿ, ಕೊನೆಗೆ ಕಾಶಿ ಕಾಣದೆಯೇ ತೀರಿಹೋದಳು. 

"ಇಬ್ಬರನ್ನು ಬಿಡಿಸಿ ಅಪ್ಪ."

"ಕರೆದು ಕೂರಿಸಿದವರನ್ನು ಎಬ್ಬಿಸ್ಲಿಕ್ಕೆ ಆಗ್ತದಾ ಮಗಾ? ನಾವು ಮತ್ತೆ ಯಾವಾಗಲಾದ್ರೂ ಹೋಗುವ."

"ನಿಮಗೆ ಎಪ್ಪತ್ತೊಂಬತ್ತು ವರ್ಷ" ಎಂದಳು. ನಾಚಿಕೆ ಬಿಟ್ಟು ಉಳಿದದ್ದನ್ನೂ ಹೇಳಿದಳು. "ನನಗೆ ಪ್ರಾಣಿ ನೋಡ್ಲಿಕ್ಕೆ ಇರ್ಲಿಲ್ಲ ಅಪ್ಪ. ನಿಮ್ಮ ಜೊತೆ ಎಂಟು ದಿನ ಇರ್ಬೇಕಿತ್ತು."

ತಾರಾನಾಥರು ಕನ್ನಡಕ ತೆಗೆದು ಮಗಳ ಮುಖ ನೋಡಿದರು. ಅವರಿಗೆ ಅರ್ಥವಾಗಲಿಲ್ಲ. "ದಿನಾ ಜೊತೆಯಲ್ಲೇ ಇದ್ದೇವಲ್ಲ?" ಎಂದರು. ಅವಳು ಮನೀಷನಿಗೆ ತಾನೇ ಫೋನು ಮಾಡಿ, ಲಿಸ್ಟ್ ಹಾಗೇ ಇರಲಿ ಎಂದಳು.

ಆಗಸ್ಟಿನಲ್ಲಿ ಹತ್ತೂ ಜನ ಹೊರಟರು. ಅಪ್ಪ ಚಕ್ಕುಲಿ ಕಟ್ಟಿಸಿಕೊಂಡು ಏರ್‌ಪೋರ್ಟಿನವರೆಗೆ ಹೋಗಿ, ಮದುಮಕ್ಕಳನ್ನು ಕಳಿಸಿದಷ್ಟು ಸಂಭ್ರಮದಿಂದ ಅವರನ್ನು ಕಳಿಸಿ ಬಂದರು. ಜಯಲತಾ ಮಂಜೂರಾಗಿದ್ದ ರಜೆಯನ್ನು ವಾಪಸು ಮಾಡಿರಲಿಲ್ಲ. ಇಲ್ಲಿಯಾದರೂ ಆ ಎಂಟು ದಿನ ಸಿಕ್ಕಬಹುದು ಎಂಬ ಆಸೆ ಇನ್ನೂ ಇತ್ತು. ಮರುದಿನ ಬೆಳಿಗ್ಗೆ ಎರಡು ತಟ್ಟೆಯಲ್ಲಿ ನೀರುದೋಸೆ ಹಾಕಿ, ಟಿವಿ ಆರಿಸಿ ಕೂತಳು.

"ಆಫೀಸಿಲ್ವಾ ಇವತ್ತು?" ಎಂದರು ಅಪ್ಪ, ಅಂಗಿಯ ಗುಂಡಿ ಹಾಕುತ್ತ.

"ರಜೆ. ಎಂಟು ದಿನ."

"ಯಾಕೆ?"

ಮುಖದಲ್ಲಿ ಯಾವ ಕಪಟವೂ ಇರಲಿಲ್ಲ, ನಿಜವಾಗಿಯೂ ಮರೆತಿದ್ದರು.

"ಸುಮ್ಮನೆ" ಎಂದಳು.

"ಒಳ್ಳೆದಾಯ್ತು, ಮನೆಯಲ್ಲಿ ಒಬ್ಬರು ಇದ್ದ ಹಾಗಾಯ್ತು" ಎಂದು ತಾರಾನಾಥರು ಚಪ್ಪಲಿ ಮೆಟ್ಟಿ ಕೋಪರಿಗೆ ಹೊರಟರು.