ಗೇಟಿನೆದುರು ಧೈರ್ಯ ಬಡಿಸುವ ಬು ತುಮಿರಾ

ಜಾವಾದ ಬೊಯೊಲಾಲಿಯ ಸಿದ್ಧ ಉಡುಪು ಕಾರ್ಖಾನೆಯ ಗೇಟಿನೆದುರು ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಎಲ್ಲರೂ 'ಬು', ಅಂದರೆ ಅಮ್ಮ, ಎಂದೇ ಕರೆಯುವ ತುಮಿರಾ ಕಡಲೆಕಾಯಿ ಬೀಜ, ಮೆಣಸಿನಕಾಯಿ ಅರೆಯುತ್ತಿದ್ದಾರೆ. ಬಿಳಿ ಅಂಗಿ, ಕಪ್ಪು ಲಂಗದ ಹುಡುಗಿಯರು ಒಬ್ಬೊಬ್ಬರಾಗಿ ಬಂದು ಚಾಪೆಯ ಮೇಲೆ ಕೂರುತ್ತಾರೆ. ಕೆಲಸ ಕೇಳಲು ಬಂದವರ ಉಡುಪೇ ಅದು. ಬೆಂದ ಸೊಪ್ಪು, ಚಟ್ನಿ, ಅನ್ನದ ಎಲೆಯನ್ನು ಕೈಗೆ ಕೊಡುವ ಮುನ್ನ ಬು ಎಲ್ಲರ ಕೊರಳಿಗೂ ಹಳೆಯ ಬಾಟಿಕ್ ಬಟ್ಟೆಯ ತುಂಡು ಕಟ್ಟುತ್ತಾರೆ.

"ಕಲೆ ಮಾಡ್ಕೊಂಡು ಒಳಗೆ ಹೋದ್ರೆ, ಕೆಲಸಕ್ಕೆ ಬಂದ್ಯೋ ಊಟಕ್ಕೆ ಬಂದ್ಯೋ ಅಂತಾರೆ!"

ಅವರಲ್ಲಿ ವೆನಿಂಗ್ ಎಂಬ ಹುಡುಗಿ ಮಾತ್ರ ನಗುವುದಿಲ್ಲ. ಎರಡು ಕಾರ್ಖಾನೆಗಳು ಅವಳನ್ನು ಹಿಂದಕ್ಕೆ ಕಳಿಸಿವೆ. ಇಂದೂ ಆಗದಿದ್ದರೆ ದೂರದ ಬಾಟಮ್ ದ್ವೀಪದಲ್ಲಿರುವ ಚಿಕ್ಕಮ್ಮನ ಮನೆಗೆ, ಕೂಸು ನೋಡಿಕೊಳ್ಳಲು ಹೋಗಬೇಕು. ಎಲೆಯ ಅನ್ನವನ್ನು ಸುಮ್ಮನೆ ಕಲಸುತ್ತಲೇ ಇದ್ದಾಳೆ.

"ಹೊಲಿಗೆ ಬರುತ್ತಾ ಅಂತ ಕೇಳ್ದಾಗ ಏನಂದೆ ಮಗಳೇ?"

"ಏನೋ ಸ್ವಲ್ಪ ಸ್ವಲ್ಪ, ಇನ್ನೂ ಕಲೀತಿದ್ದೀನಿ ಅಂದೆ, ಬು."

"ಊರಲ್ಲಿ ಯಾರ ಬಟ್ಟೆ ಹೊಲೀತೀಯ?"

"ಎಲ್ಲರದ್ದೂ. ಮದುವೇದೂ."

ಗೇಟು ಕಾಯುವ ಜುಮಾದಿ ಚಹಾ ಹೀರುತ್ತಲೇ ಚುಚ್ಚುತ್ತಾರೆ: "ಹಂಗಾದ್ರೆ ನಿಮ್ಮೂರಲ್ಲಿ ಮದುಮಕ್ಕಳು ಅರ್ಧಂಬರ್ಧ ಬಟ್ಟೇಲೇ ಕೂರ್ತಾರೇನಮ್ಮ?"

ಜಾವಾದ ಮನೆಗಳಲ್ಲಿ ತನ್ನನ್ನು ತಾನೇ ಹೊಗಳಿಕೊಳ್ಳುವುದು ಸಣ್ಣತನ. ಬಲ್ಲವರೂ 'ಏನೋ ಒಂದಿಷ್ಟು' ಎಂದೇ ತಲೆ ತಗ್ಗಿಸಬೇಕು. ಊರಲ್ಲಿ ಮರ್ಯಾದೆ ತರುವ ಈ ಮಾತು, ಪರದೇಶದ ಮೇಲ್ವಿಚಾರಕರ ಮುಂದೆ ಅನ್ನ ಕಳೆಯುತ್ತದೆ. ಹರೆಯದಲ್ಲಿ ಬು ತುಮಿರಾ ಕೂಡ ಹಾಗೆಯೇ ಹೇಳಿ, ಕೆಲಸ ಸಿಗದೆ ಗೇಟಿನಾಚೆ ಬಂದಿದ್ದವರು.

"ಒಳಗೆ ಹೊಲೀತಿದ್ದ ಬು ರತ್ಮಿ ಅಂತ ಒಬ್ರು ಹಿಂದೆನೇ ಓಡಿಬಂದ್ರು. 'ಇವಳ ಮಾತು ಬಿಡಿ, ಕೈ ನೋಡಿ' ಅಂತ ಒಳಗೆ ಎಳ್ಕೊಂಡು ಹೋದ್ರು. ಕಣ್ಣು ಮಂಜಾಗೋವರೆಗೂ ಹೊಲಿದು ಮಕ್ಕಳನ್ನ ಸಾಕಿದೆ. ಋಣ ತೀರಿಸೋಣ ಅಂದ್ರೆ ಈಗ ಅವರಿಲ್ಲ. ಈ ಹುಡುಗೀರು ಇದ್ದಾರಲ್ಲ."

ಬಡಿಸುತ್ತ ಬಡಿಸುತ್ತ ಬು ಹೇಳುವುದು ಮುಗಿಯುವುದೇ ಇಲ್ಲ. "ಹಸ್ಕೊಂಡು ಹೋಗ್ಬೇಡಿ, ದನಿ ನಡುಗುತ್ತೆ. ಅರ್ಥ ಆಗ್ದೆ ಹೂಂಗುಟ್ಟಬೇಡಿ, ಇನ್ನೊಂದ್ಸಲ ಹೇಳಿ ಅನ್ನಿ. ಕೆಲಸ ಕೊಡಿಸ್ತೀನಿ ದುಡ್ಡು ಕೊಡು ಅನ್ನೋನಿಗೆ ಒಂದು ಲೋಟ ನೀರೂ ಕೊಡ್ಬೇಡಿ. ಗೊತ್ತಿಲ್ಲದ ನಂಬರಿಂದ ಫೋನ್ ಬಂದ್ರೆ ಎತ್ತಿ. ಅದು ಕಾರ್ಖಾನೇದೇ ಇರಬಹುದು."

ಆಮೇಲೆ ವೆನಿಂಗ್ ಕಡೆ ತಿರುಗುತ್ತಾರೆ. "ಹೊಲಿಗೆ ಬರುತ್ತಾ?"

"ಬರುತ್ತೆ, ಬು."

"ಯಾರಿಗೆ ಹೇಳ್ತಿದ್ದೀಯ, ನೆಲದ ಇರುವೆಗಾ?"

"ಬರುತ್ತೆ! ಕಾಲರ್ ಕೂಡ ಕೂರಿಸ್ತೀನಿ!" ದನಿ ಏರಿದ್ದಕ್ಕೆ ಹುಡುಗಿಯ ಕಿವಿಯೇ ಕೆಂಪಾಗುತ್ತದೆ. ಚಾಪೆಯ ತುಂಬ ಚಪ್ಪಾಳೆ.

ಗೇಟು ತೆರೆಯುತ್ತದೆ. ಬಿಳಿ ಅಂಗಿಗಳು ಒಳಗೆ ಹೋದ ಮೇಲೆ ಪಾತ್ರೆ ತೊಳೆಯುವ ಬು ತುಮಿರಾರ ಕಣ್ಣೆಲ್ಲ ಅತ್ತಲೇ. ಬಿಸಿಲು ಏರಿದಾಗ ವೆನಿಂಗ್ ಓಡಿಬರುತ್ತಾಳೆ.

"ಬರುತ್ತೆ ಅಂದೆ, ಬು! ಅಂದಿದ್ದೇ ತಡ, ಮೆಷಿನ್ ಮುಂದೆ ಕೂರಿಸಿದ್ರು."

"ಆಮೇಲೆ?"

"ಸೋಮವಾರದಿಂದ ಬಾ ಅಂದ್ರು."

ಅವಳು ಬಾಗಿ ಬು ತುಮಿರಾರ ಒದ್ದೆ ಕೈಯನ್ನು ಹಣೆಗೆ ಒತ್ತಿಕೊಳ್ಳುತ್ತಾಳೆ. ಹುಡುಗಿ ಬಸ್ಸು ಹತ್ತಿ ಮರೆಯಾದ ಮೇಲೆ, ಬು ಕುಪ್ಪಸದ ತೋಳಿನಿಂದಲೇ ಕಣ್ಣೊರೆಸಿಕೊಳ್ಳುತ್ತಾರೆ.

"ನನಗೇನು ಆಸೆ? ಸೋಮವಾರ ಅವಳು ನನ್ನ ಕಡೆ ತಿರುಗಿ ನೋಡೋಕೂ ಪುರುಸೊತ್ತಿಲ್ದೆ ಗೇಟಿನೊಳಕ್ಕೆ ಓಡ್ಬೇಕು. ಅವಳ ಬೆನ್ನು ಕಂಡ್ರೆ ಸಾಕು ನನಗೆ."