ಶಿವಾಜಿನಗರದಲ್ಲಿ ನೋಡಿದ ಬೆನ್ನು

ಬೆಳಗ್ಗೆ ಕೆ.ಆರ್. ಪುರದಲ್ಲಿ ಮೆಟ್ರೊ ಹತ್ತಿದೆವು. ನಾನು, ನಮ್ಮ ಬಾಡಿಗೆ ರೂಮಿನಲ್ಲಿರುವ ಯಾದಗಿರಿಯ ಮಲ್ಲಮ್ಮ, ಅವಳ ನಾಲ್ಕು ವರ್ಷದ ಮಗಳು ಭಾಗ್ಯ. ಮಗುವಿನ ಬೆನ್ನ ತುಂಬ ಬಿಳಿಚಿದ ಪಟ್ಟೆಗಳು. ಒಬ್ಬ ಡಾಕ್ಟರು ಹುಳುಕಡ್ಡಿ ಎಂದಿದ್ದರು, ಇನ್ನೊಬ್ಬರು ತೊನ್ನು. ಅಂಟುರೋಗವಲ್ಲ ಎಂದು ಗೊತ್ತಾಗುವ ತನಕ ಕಳಿಸಬೇಡಿ ಎಂದು ಅಂಗನವಾಡಿಯ ಉಳಿದ ತಾಯಂದಿರು ಗಲಾಟೆ ಮಾಡಿದ್ದರು. ಮಗು ಮನೆಯಲ್ಲೇ ಕೂತರೆ ಮಲ್ಲಮ್ಮ ಕೆಲಸಕ್ಕೆ ಹೋಗುವ ಹಾಗಿಲ್ಲ.

ಇಂದಿರಾನಗರ, ಹಲಸೂರು ಸರಿದು ಹೋದವು. ಎಂ.ಜಿ. ರಸ್ತೆಯಲ್ಲಿ ಇಳಿದರೆ ಆಟೊದವನು ನೂರೈವತ್ತು ಎಂದ.

"ಶಿವಾಜಿನಗರಕ್ಕಪ್ಪಾ, ಮೈಸೂರಿಗಲ್ಲ."

"ನೀವೇ ಓಡಿಸ್ಬಿಡಿ ಅಮ್ಮಾ, ನಾನು ಹಿಂದೆ ಕೂತ್ಕೋತೀನಿ" ಎಂದು ನಕ್ಕು ಎಂಬತ್ತಕ್ಕೆ ಒಪ್ಪಿದ. ಸ್ಟೇಷನ್ ಬಾಗಿಲಲ್ಲೇ ಆಟೊ ಹಿಡಿಯಬೇಡಿ, ಸ್ವಲ್ಪ ಮುಂದೆ ನಡೆದು ಕೇಳಿ.

ಶಿವಾಜಿನಗರದ ಆಸ್ಪತ್ರೆಯ ಚರ್ಮ ವಿಭಾಗದಲ್ಲಿ ಸಾಲು ಉದ್ದವಿತ್ತು. ನಮ್ಮ ಸರದಿ ಬಂದಾಗ ಡಾಕ್ಟರಮ್ಮ ಕೋಣೆ ಕತ್ತಲು ಮಾಡಿ, ನೇರಳೆ ಬೆಳಕಿನ ಪುಟ್ಟ ದೀಪವನ್ನು ಬೆನ್ನಿಗೆ ಹಿಡಿದರು. ಸುಣ್ಣ ಚೆಲ್ಲಿದಂತೆ ಬೆನ್ನೆಲ್ಲ ಹೊಳೆಯಿತು.

"ಏನು ಹಚ್ಚಿದ್ದೀರಮ್ಮಾ?"

"ಮುಲಾಮ್ರಿ, ಮ್ಯಾಲ ಪೌಡರ್. ದವಾಖಾನಿಗೆ ಕೂಸಿನ್ನ ಹಂಗೇ ಕರ್ಕೊಂಡು ಬರ್ಲೇನ್ರಿ?" ಎಂದಳು ಮಲ್ಲಮ್ಮ.

"ಎಲ್ಲ ಡಾಕ್ಟರ ಹತ್ರಾನೂ ಹೀಗೇ ಹೋಗಿದ್ರಾ?"

"ಹೂಂನ್ರಿ. ಚಂದಾಗೇ ಕರ್ಕೊಂಡು ಹೋಗೀನಿ."

"ಅವರು ಪೌಡರ್ ನೋಡಿದ್ದಾರೆ, ಚರ್ಮ ನೋಡಿಲ್ಲ. ತೊಳ್ಕೊಂಡು ಬನ್ನಿ."

ನಲ್ಲಿಯ ಕೆಳಗೆ ತೊಳೆದು, ಒರೆಸಿ ಕರೆತಂದೆವು. ಮತ್ತೆ ಕತ್ತಲು, ಮತ್ತೆ ಆ ಬೆಳಕು. ಬೆನ್ನುಮೂಳೆಯಿಂದ ಎರಡೂ ಕಡೆಗೆ ಗೆರೆಗಳು ಇಳಿದು, ಪಕ್ಕೆಯ ಹತ್ತಿರ ಸುಳಿ ತಿರುಗಿ, ಹೊಟ್ಟೆಯ ಕಡೆ ಹರಿದಿದ್ದವು. ಸೀರೆ ಮಾರಿ ಮನೆ ಕಟ್ಟಿದವಳು ನಾನು, ಎಂಥೆಂಥ ಡಿಸೈನು ಬಿಚ್ಚಿ ತೋರಿಸಿದ್ದೇನೆ. ಇಂಥದ್ದನ್ನು ಕಂಡಿರಲಿಲ್ಲ.

"ಹೊಟ್ಟೆಯೊಳಗೆ ಮಗು ಬೆಳೆಯುವಾಗ ಚರ್ಮ ಹರಡಿಕೊಂಡ ದಾರಿ ಇದು" ಎಂದರು ಡಾಕ್ಟರಮ್ಮ. "ನಮ್ಮೆಲ್ಲರ ಮೈಯಲ್ಲೂ ಇದೆ, ಕಾಣಲ್ಲ. ಇವಳಿಗೆ ಆ ದಾರಿಯಲ್ಲಿ ಬಣ್ಣ ಕಮ್ಮಿ, ಅದಕ್ಕೇ ಕಾಣ್ತಿದೆ. ಅಪರೂಪ. ಆದ್ರೆ ಅಂಟಲ್ಲ. ಕಣ್ಣು, ನರ ಒಂದ್ಸಲ ಪರೀಕ್ಷೆ ಮಾಡಿಸಿಬಿಡೋಣ."

"ಹೋಗ್ತದೇನ್ರಿ?"

"ಹೋಗಲ್ಲಮ್ಮ."

ಮಲ್ಲಮ್ಮ ತುಂಬ ಹೊತ್ತು ಮಗಳ ಬೆನ್ನನ್ನೇ ನೋಡಿದಳು. ಅಂಟುರೋಗವಲ್ಲ ಎಂದು ಬರೆಸಿ ಸೀಲು ಹಾಕಿಸಿಕೊಂಡೆ. ನೀವೂ ಬಾಯಿಮಾತು ನಂಬಿಕೊಂಡು ಬರಬೇಡಿ.

ವಾಪಸು ಮೆಟ್ರೊದಲ್ಲಿ ಚುಚ್ಚುತ್ತೆ ಎಂದು ಭಾಗ್ಯ, ಬೆನ್ನು ಕಾಣದಿರಲೆಂದು ಅಮ್ಮ ಹಾಕಿದ್ದ ಸ್ವೆಟರು ಕಿತ್ತೆಸೆದಳು. ಮಲ್ಲಮ್ಮ ಮತ್ತೆ ತೊಡಿಸಲಿಲ್ಲ. ಫ್ರಾಕಿನ ಹಿಂಭಾಗದಲ್ಲಿ ಗೆರೆಗಳು ಇಣುಕಿದವು. ಪಕ್ಕದ ಹೆಂಗಸು ಸ್ವಲ್ಪ ಸರಿದು ಕೂತು, "ಏನಮ್ಮಾ ಅದು ಮಗೂಗೆ?" ಎಂದರು.

"ಗೆರಿ ರೀ" ಎಂದಳು ಮಲ್ಲಮ್ಮ. "ನಿಮಗೂ ಅದಾವ. ಕಾಣಂಗಿಲ್ಲ, ಅಷ್ಟ."

ಆ ಹೆಂಗಸು ತಮ್ಮ ತೋಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿಕೊಂಡರು.